ಕ್ಯಾಟಲಾಗಿನಲ್ಲಿ ಕೊಲೆಗಾರರು

ಹೆದರುವುದಕ್ಕೂ ಕಾರಣ ಬೇಕು ಎನ್ನುವ ಧೈರ್ಯವಂತರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಫೋನ್ ರಿಂಗಾದರೆ ಸಾಕು, ಎತ್ತುವ ಮೊದಲೇ ನನ್ನ ಅಂಗೈ ಒದ್ದೆ. ಇಂಥವನಿಗೆ ಲೈಬ್ರರಿಯನ್ ಕೆಲಸವೇ ಸರಿ, ಅಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ ಎಂದು ಅಪ್ಪ ನಂಬಿದ್ದರು. ನಿಜಲಿಂಗಪ್ಪ ಬಡಾವಣೆಯ ನಮ್ಮ ಪುಟ್ಟ ಶಾಖೆಯಲ್ಲಿ ನಾನೂ ಫ್ಯಾನಿನ ಕೆಳಗೆ ನೆಮ್ಮದಿಯಾಗಿಯೇ ಇದ್ದೆ, ಗ್ರಂಥಾಲಯಗಳೆಲ್ಲ ಸೋಷಿಯಲ್ ಮೀಡಿಯಾಕ್ಕೆ ಬರಬೇಕೆಂದು ಮೇಲಿನಿಂದ ಆದೇಶ ಬರುವತನಕ.

ಫೇಸ್‌ಬುಕ್ ಪುಟವೇನೋ ಹೇಗೋ ಆಯಿತು. ಮೊದಲ ಫೋಟೋದಲ್ಲಿ ಬೀರುಗಳೆಲ್ಲ ಚೆನ್ನಾಗಿ ಬಂದಿದ್ದವು, ನನ್ನ ತಲೆ ಮಾತ್ರ ಬಂದಿರಲಿಲ್ಲ. ನನ್ನ ಹೆಂಡತಿ ಅದನ್ನೇ ಲೈಕ್ ಮಾಡಿದಳು. ಕಷ್ಟ ಶುರುವಾದದ್ದು ಆನ್‌ಲೈನ್ ಕ್ಯಾಟಲಾಗಿನಿಂದ. ನಮ್ಮ ಪುಸ್ತಕಗಳನ್ನೂ ಹರಿಹರ ಶಾಖೆಯ ಪುಸ್ತಕಗಳನ್ನೂ ಒಂದೇ ಶೀಟಿಗೆ ಸೇರಿಸಿ, ಲಿಂಕನ್ನು ಓದುಗರ ವಾಟ್ಸಾಪ್ ಗ್ರೂಪಿಗೆ ಹಾಕಬೇಕಿತ್ತು. ಹರಿಹರದ ಲೈಬ್ರರಿಯನ್ ಶಬಾನಾ ಮೇಡಂ ಚುರುಕು; ಟೈಪಿಂಗ್ ಎಲ್ಲ ತಾವೇ ಮುಗಿಸಿ, ಲಿಂಕ್ ಹಂಚುವುದೊಂದನ್ನು ನನಗೆ ಬಿಟ್ಟರು. ಹಂಚುವಾಗ ಶೀಟು ಕೇಳಿತು: ಬಂದವರು ಬರೀ ನೋಡಬಹುದೇ, ತಿದ್ದಲೂಬಹುದೇ? ಬರೀ ನೋಡಿ ಹೋಗಿ ಎನ್ನುವುದು ನಮ್ಮ ಕಡೆಯ ರೀತಿಯೇ? ಬಾಗಿಲಿಗೆ ಬಂದವರನ್ನು ಕೂಡ್ರಿ ಎನ್ನದೆ ಕಳಿಸಿದಂತಾಗುತ್ತದೆ ಎನಿಸಿತು. ಧಾರಾಳವಾಗಿ ‘ತಿದ್ದಬಹುದು’ ಒತ್ತಿಬಿಟ್ಟೆ.

ಮರುದಿನ ಬೆಳಿಗ್ಗೆಯೇ ಮೇಡಂ ಫೋನು. "ಸಾರ್, ಪತ್ತೇದಾರಿ ಕಾದಂಬರಿ ಸಾಲು ನೋಡ್ರಿ. ಪ್ರತಿಯೊಂದರ ಮುಂದೂ ಕೊಲೆ ಮಾಡಿದ್ದು ಯಾರು ಅಂತ ಬರ್ದೈತೆ. ನಮ್ಮ ಹರಿಹರದ ಪುಸ್ತಕನೂ ಬಿಟ್ಟಿಲ್ಲ."

ನೋಡಿದೆ. ‘ಕೊಲೆಗಾರ: ಅಡುಗೆಯವನು.’ ‘ಕೊಲೆಗಾರ: ಡಾಕ್ಟರು, ಪಾಪ ಒಳ್ಳೆಯವನೇ.’ ‘ಯಾರೂ ಕೊಂದಿಲ್ಲ, ಸುಮ್ಮನೆ ಓದಿಸಿದ್ದಾರೆ.’ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುವ ನಮ್ಮ ಓದುಗರ ಚಾಳಿ ಕಂಪ್ಯೂಟರಿಗೂ ಬಂದಿತ್ತು. ಅಳಿಸತೊಡಗಿದೆ. ಅಳಿಸಿದ ಹಾಗೆಲ್ಲ ಆ ಕಡೆಯಿಂದ ಯಾರೋ ಮತ್ತೆ ಬರೆಯುತ್ತಿದ್ದರು. ಪರದೆಯ ಮೂಲೆಯಲ್ಲಿ ‘ಅನಾಮಧೇಯ ಒಂಟೆ’ ಎಂದು ಕಾಣುತ್ತಿತ್ತು; ಹೆಸರು ಹೇಳದೆ ಬಂದವರಿಗೆ ಶೀಟು ತಾನೇ ಒಂದು ಪ್ರಾಣಿಯ ಹೆಸರಿಡುತ್ತದಂತೆ. ಸೋಮವಾರದ ಸಭೆಯಲ್ಲಿ ಅಧಿಕಾರಿಗಳು ಇದೇ ಕ್ಯಾಟಲಾಗನ್ನು ಎಲ್ಲರ ಎದುರು ದೊಡ್ಡ ಪರದೆಯಲ್ಲಿ ತೆರೆಯುವವರಿದ್ದರು. ಎಡವಟ್ಟು ಮಾಡಿದವರಿಗೆ ಮಲೆಬೆನ್ನೂರಿಗೆ ವರ್ಗ ಎಂದು ಗಾಳಿಸುದ್ದಿ. ಮಲೆಬೆನ್ನೂರಿನ ಮೇಲೆ ನನಗೇನೂ ಸಿಟ್ಟಿಲ್ಲ. ದಿನಾ ಬಸ್ಸಿನಲ್ಲಿ ನಿಂತು ಹೋಗಬೇಕಾದ ನನ್ನ ಮೊಣಕಾಲಿನ ಮೇಲೆ ಕನಿಕರ, ಅಷ್ಟೆ. ನೀವು ಹ್ಞೂಂ ಅಂದರೆ ಎಲ್ಲ ಅಳಿಸಿ, ಯಾರೂ ತಿದ್ದದಂತೆ ಶೀಟಿಗೆ ಬೀಗ ಹಾಕುತ್ತೇನೆ ಎಂದರು ಮೇಡಂ. ಮೊದಲು ಬರೆದವರನ್ನು ಬೈದು ಬರುತ್ತೇನೆ ಎಂದೆ.

ಎರಡೂ ಶಾಖೆಗಳ ಆ ಪುಸ್ತಕಗಳನ್ನೆಲ್ಲ ಓದಿದವರು ನಮ್ಮ ಓದುಗರಲ್ಲಿ ಒಬ್ಬರೇ, ಎಸ್.ಎಸ್. ಬಡಾವಣೆಯ ನಿವೃತ್ತ ಮೇಷ್ಟ್ರು ರುದ್ರಪ್ಪನವರು. ಮನೆಗೆ ಹೋದರೆ ಅವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟರು. ತಿನ್ನುತ್ತಾ ಬೈಯುವುದು ಹೇಗೆಂದು ತಿಳಿಯದೆ, ಮೆತ್ತಗೆ ವಿಷಯ ತೆಗೆದೆ.

"ತಪ್ಪಾತೇನ್ರಿ?" ಎಂದರು. "ನನಗೀಗ ಓದಿದ್ದು ನೆನಪಿರಲ್ಲ. ಓದಿದ್ನೇ ಮತ್ತೆ ತಗಂಡು ಬರ್ತೀನಿ. ಅಪ್ಪಾ, ಇದನ್ನ ಆಗ್ಲೇ ಓದೀಯಲ್ಲ ಅಂತಾಳ ಮಗಳು. ನಾಚಿಕಿ ಆಗ್ತೈತೆ. ಅದಕ್ಕ, ಓದಿ ಮುಗಿಸಿದಾಗೆಲ್ಲ ಡೈರಿಯಾಗ ಬರ್ಕಂಡಿದ್ನ ನಿಮ್ಮ ಶೀಟಿನಾಗೂ ಬರ್ದಿಟ್ಟೆ. ಕೊಲೆಗಾರನ ಹೆಸರು ಐತೆ ಅಂದ್ರ ನಾನು ಓದೀನಿ ಅಂತ."

ಸಂಕಟವಾಯಿತು. ಹೊರಗೆ ಬಂದವನೇ ಮೇಡಂಗೆ ಫೋನ್ ಮಾಡಿ, ಏನೂ ಅಳಿಸಬೇಡಿ, ಮೇಷ್ಟ್ರೊಬ್ಬರನ್ನು ಬಿಟ್ಟು ಉಳಿದವರಿಗೆ ಬೀಗ ಹಾಕಿ ಎಂದೆ. ಸೋಮವಾರ ಏನು ಹೇಳ್ತೀರಿ ಎಂದು ಅವರು ಕೇಳಿದರು.

ಸೋಮವಾರ ಅಧಿಕಾರಿಗಳು ಕ್ಯಾಟಲಾಗನ್ನು ಸರಿಸುತ್ತಾ ಬಂದು, ಕೊಲೆಗಾರರ ಬಳಿ ನಿಂತು, ಇದನ್ನು ಬರೆದವರು ಯಾರೆಂದು ಕೇಳಿದರು. ಮೇಷ್ಟ್ರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರ ಮರೆವು ಊರಿಗೆಲ್ಲ ಸುದ್ದಿಯಾಗುತ್ತಿತ್ತು. ಎದ್ದು ನಿಂತೆ.

"ನಾನೇ ಸರ್."

"ಅಂದ್ರೆ ಇಷ್ಟೂ ಪುಸ್ತಕ ಓದೀರೇನ್ರಿ?"

ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಓದುವ ಲೈಬ್ರರಿಯನ್ ಒಬ್ಬನಾದರೂ ಸಿಕ್ಕನಲ್ಲ ಎಂದು ಅವರು ಚಪ್ಪಾಳೆ ಹೊಡೆಸಿದರು. ಇನ್ನು ಮೇಲೆ ವಾರಕ್ಕೊಂದು ಪತ್ತೇದಾರಿ ಕಾದಂಬರಿಯ ಬಗ್ಗೆ ನಾನು ಫೇಸ್‌ಬುಕ್ಕಿನಲ್ಲಿ ಲೈವ್ ಮಾತನಾಡಬೇಕಂತೆ.

ಹೆದರಿಕೆಗೇ ನಾನು ಇದುವರೆಗೆ ಒಂದೂ ಪತ್ತೇದಾರಿ ಕಾದಂಬರಿ ಮುಟ್ಟಿದವನಲ್ಲ. ಈಗ ಮೊದಲನೆಯದನ್ನು ಓದುತ್ತಿದ್ದೇನೆ. ಕೊಂದವನು ಭಾವಮೈದುನನೆಂದು ಮೇಷ್ಟ್ರ ಕೃಪೆಯಿಂದ ಮೊದಲೇ ಗೊತ್ತು. ಆದರೂ ಎದೆ ಡವಗುಟ್ಟುತ್ತದೆ. ನಿನ್ನೆ ನನ್ನ ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ. ಪಾಪದ ಹುಡುಗ. ಅವನಿಗೆ ಬೆನ್ನು ಹಾಕಿ ಕೂರುವ ಧೈರ್ಯ ನನಗಾಗಲಿಲ್ಲ.