ಕೂಸಿನ ತೂಕ, ಪರಮಾಣುವಿನ ತೂಕ

ಹೆದರಿಕೆ ಮುಚ್ಚಿಡಲು ಕೆಲವರು ಸಿಟ್ಟು ಮಾಡುತ್ತಾರೆ, ಕೆಲವರು ಬೀಡಿ ಹಚ್ಚುತ್ತಾರೆ. ನಾನು ಪಾಠ ಮಾಡುತ್ತೇನೆ. ಕೊಟ್ಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದ್ದರಿಂದ ಈ ಚಟಕ್ಕೆ ಸಂಬಳವೂ ಬರುತ್ತಿತ್ತು. ಎಂಬತ್ತರ ದಶಕದ ಕೊನೆಗೆ ನನ್ನ ಮಗಳು ತಿಂಗಳು ತುಂಬುವ ಮೊದಲೇ ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಹುಟ್ಟಿಬಿಟ್ಟಳು. ಅಂಗೈಯಗಲದ ಕೂಸು. ಎಂಟನೇ ದಿನ, "ನಾಳೆ ತೂಕ ಏರಿದ್ರ ಚಿಂತಿಲ್ಲ, ಇಳಿದ್ರ ಬಳ್ಳಾರಿಗೆ ಒಯ್ಯಬೇಕ್ರಿ" ಎಂದರು ನರ್ಸಮ್ಮ. ಬಳ್ಳಾರಿ ಬಸ್ಸಿನಲ್ಲಿ ದೊಡ್ಡವರೇ ಜೀವಸಹಿತ ಇಳಿಯುವುದು ಕಷ್ಟ!

ಅವ್ವ ಗುಡೇಕೋಟೆಯ ಕುರಿ ಸಾಕುವ ಮನೆತನದವಳು. ಆಗತಾನೆ ಹುಟ್ಟಿದ ಮರಿಯನ್ನು ಅವರಲ್ಲಿ ಯಾರೂ ತೂಗುವುದಿಲ್ಲ, ದೃಷ್ಟಿಯಾಗುತ್ತದೆ. "ಹಸಿಗೂಸನ್ನ ತಕ್ಕಡ್ಯಾಗ ಇಡ್ತಾರೇನಲೇ?" ಎಂದು ಜಗಳಕ್ಕೇ ನಿಂತಳು. ನನಗೆ ಅಷ್ಟೇ ಬೇಕಿತ್ತು. ಆಸ್ಪತ್ರೆಯ ಜಗುಲಿಯಲ್ಲೇ ಪಾಠ ಶುರು. "ಅವ್ವಾ, ಹುಟ್ಟಿ ನಿಮಿಷದಾಗ ಇಲ್ಲದಂಗಾಗೋ ಪರಮಾಣು ಅದಾವು. ವಿಜ್ಞಾನಿಗಳು ಅಂಥವನ್ನೂ ಬಿಡಂಗಿಲ್ಲ. ವಿದ್ಯುತ್ತಿನ ಅಂಶ ಹೊರಿಸಿ, ಗಾಳಿ ಇಲ್ಲದ ಡಬ್ಬ್ಯಾಗ ಅಯಸ್ಕಾಂತದ ಬಲದಿಂದ ಹಿಡಿದಿಟ್ಟು ಗರಗರ ಸುತ್ತಸ್ತಾರ. ಹಗುರಿದ್ದದ್ದು ಬೇಗ ಸುತ್ತತೈತಿ, ಭಾರದ್ದು ನಿಧಾನ. ಅದರ ಮ್ಯಾಲೆ ತೂಕ ಹೇಳ್ತಾರ."

"ಅಯ್ಯ ಶಿವನ, ಸಾಯೋದನ್ನ ಹಿಡಿದು ತಿರುಗಸ್ತಾರ?" ಎಂದಳು ಅವ್ವ ಗಾಬರಿಯಿಂದ. ನನ್ನ ಪಾಠ ಅಲ್ಲಿಗೇ ನಿಂತಿತು. ಆ ಮಾತು ಅಲ್ಲಿ, ಆ ಹೊತ್ತಿನಲ್ಲಿ ಬರಬಾರದಿತ್ತು.

ಮರುದಿನ ತೂಗುವ ಹೊತ್ತಿಗೆ ಒಳಗೆ ಹೋಗಲು ನನಗೆ ಕಾಲೇ ಬರಲಿಲ್ಲ. "ನೀನ ನೋಡಿ ಬಾರವ್ವ" ಎಂದೆ. ಜಗಳವಾಡಿದ್ದ ಅವ್ವನೇ ಹೋದಳು. ಹೊರಗೆ ಬಂದವಳು ಮುಖ ಸಣ್ಣದು ಮಾಡಿಕೊಂಡು, ಜಗುಲಿಯ ಮಂದಿಗೆಲ್ಲ ಕೇಳುವಂತೆ "ಇಳದೈತಪಾ" ಎಂದಳು. ನಾನು ಕೂತಲ್ಲಿಂದಲೇ ಪಕ್ಕದವರಿಗೆ ಬಳ್ಳಾರಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ. ಹಿಂದೆಯೇ ಬಂದ ನರ್ಸಮ್ಮ, "ಯಾಕ್ರಿ ಸರ, ತೂಕ ಏರೈತಲ್ಲ! ನಿಮ್ಮವ್ವಗ ತೋರ್ಸೀನಿ" ಎಂದರು. ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ ಗದರಿದಳು: "ಏರೈತಿ ಅಂತ ಮಂದಿ ಮುಂದ ಒದರಬೇಕೇನಲೇ? ಕೂಸಿಗೆ ಕಣ್ಣು ಬೀಳ್ತಾವ!" ಸಿಟ್ಟು ಬರಬೇಕಿತ್ತು. ಅಳು ಬಂತು.

ಮುಂದಿನ ವಾರ ಕಾಲೇಜಿನಲ್ಲಿ, ಅಲ್ಪಾಯುಷಿ ಪರಮಾಣುವಿನ ತೂಕವನ್ನೂ ಎಷ್ಟು ಕರಾರುವಾಕ್ಕಾಗಿ ಹೇಳಬಹುದೆಂದು ಕರಿಹಲಗೆಯ ತುಂಬ ಬರೆದೆ. ಹೊರಬಂದಾಗ ಗಣಿತದ ಮೇಷ್ಟ್ರು ಎದುರಾಗಿ, "ಮಗಳು ಹೆಂಗದಾಳ್ರಿ? ತೂಕ ಬಂತಾ?" ಎಂದರು. ಅವತ್ತು ಬೆಳಿಗ್ಗೆ ಮತ್ತಷ್ಟು ಏರಿತ್ತು. ನಾನು ಅತ್ತಿತ್ತ ನೋಡಿ, ಮುಖ ಸಣ್ಣದು ಮಾಡಿಕೊಂಡು, "ಎಲ್ಲೀದ್ರಿ, ಇನ್ನೂ ಕಮ್ಮೀನ ಐತಿ" ಎಂದೆ.