ಶುಕ್ರವಾರ ನಾಲ್ಕಕ್ಕೆ ಒಂದು ಕಂಪ್ಯೂಟರ್

ನಿಯಮ ಹಿಡಿದು ನಡೆಯುವವನ ಮನೆಯನ್ನೇ ಅವ್ಯವಸ್ಥೆ ಹುಡುಕಿಕೊಂಡು ಬರುತ್ತದೆ. ನನ್ನ ಮಟ್ಟಿಗಂತೂ ಇದು ಒಮ್ಮೆಯೂ ತಪ್ಪಿದ್ದಿಲ್ಲ. ನನ್ನ ಉದ್ಯೋಗ ವಿಮೆಯ ಸರ್ವೆ, ಅಂದರೆ ಅಪಘಾತವಾದ ವಾಹನಗಳನ್ನು ಪರಿಶೀಲಿಸಿ ವಿಮೆ ಕಂಪೆನಿಗಳಿಗೆ ವರದಿ ಕೊಡುವುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಬೈಕಿನಲ್ಲಿ ಸುತ್ತುತ್ತ, ಯಾರು ಏನು ಹೇಳಿದರೂ ನಂಬದೆ ಇರುವುದಕ್ಕೇ ನನಗೆ ಫೀಸು ಕೊಡುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ, ಬೆತ್ತವಿಲ್ಲದೆ ಕ್ಲಾಸಿಗೆ ಬಾರದ ಮೇಷ್ಟ್ರುಗಳ ಕೈಯಲ್ಲಿ ಕಲಿತವನು ನಾನು. ಹೇಳಿದ ಸಮಯ ಅಂದರೆ ಹೇಳಿದ ಸಮಯ, ಹೇಳಿದ ಮಾತು ಅಂದರೆ ಹೇಳಿದ ಮಾತು.

ಹೀಗಿರುವಾಗ ಎಂಟನೇ ಕ್ಲಾಸಿನ ಮಗಳು ಗೇಮಿಂಗ್ ಕಂಪ್ಯೂಟರ್ ಬೇಕೆಂದು ಹಟ ಹಿಡಿದಳು. ಅವಳ ಜೀವದ ಗೆಳತಿ, ಒಂದೇ ಬೆಂಚಿನವಳು, ಅಪ್ಪನ ಕೆಲಸದಿಂದಾಗಿ ಮಸ್ಕತ್ತಿಗೆ ಹೋಗಿದ್ದಳು. ಆಕೆ ಅಲ್ಲಿಂದ, ಇವಳು ಇಲ್ಲಿಂದ, ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಊರು ಕಟ್ಟುವ ಒಂದು ಆಟ ಆಡಬೇಕಂತೆ. ಅಲ್ಲಿ ಶುಕ್ರವಾರ ರಜೆ.

"ಹೊಸತು ಇಲ್ಲ. ಹಳೆ ಬಿಡಿಭಾಗ ತಂದು ನಾವೇ ಜೋಡಿಸುವ," ಅಂದೆ. "ದಸರಾ ರಜೆಯಲ್ಲಿ ಆಯುಧ ಪೂಜೆಯ ದಿನ ಶುಕ್ರವಾರ ಬರ್ತದೆ. ಗ್ಯಾರೇಜುಗಳಲ್ಲಿ ಕೆಲಸ ಇಲ್ಲ, ನನಗೂ ಬಿಡುವು. ಆ ದಿನ ಸಂಜೆ ನಾಲ್ಕಕ್ಕೆ ನೀನು ಆಟ ಶುರು ಮಾಡ್ತೀ."

ಮಗಳು ಅಲ್ಲಿಂದಲೇ ಮಸ್ಕತ್ತಿಗೆ ಫೋನು ಹಚ್ಚಿದಳು. ನನಗೆ ಕೇಳಬೇಕೆಂದೇ ಗಟ್ಟಿಯಾಗಿ ಹೇಳಿದಳು: "ನಮ್ಮ ಅಪ್ಪ ಹೇಳಿದ ಮೇಲೆ ಮುಗೀತು. ಮದುವೆಗೆ ಎಲ್ಲರೂ ಊಟದ ಹೊತ್ತಿಗೆ ಹೋದ್ರೆ ಅವರು ಪುರೋಹಿತರಿಗಿಂತ ಮೊದಲು ಹೋಗಿ ಕೂತಿರ್ತಾರೆ."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಒಂದೇ ಕೈಯ ಮಾಲು

ಮೂಡುಬಿದಿರೆಯಲ್ಲಿ ಒಂದು ಸೈಬರ್ ಅಂಗಡಿ ಮುಚ್ಚಿತ್ತು. ಎಲ್ಲರ ಕೈಯಲ್ಲೂ ಇಂಟರ್ನೆಟ್ಟು ಬಂದ ಮೇಲೆ ಅಂಗಡಿಗೆ ಬಂದು ಕೂರುವವರು ಯಾರು? ಮಾಲಕ ಹಳೆ ಕಂಪ್ಯೂಟರುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದ. ನನಗೆ ಬೇಕಾದದ್ದು ಪೆಟ್ಟಿಗೆ ಮತ್ತು ಅದರೊಳಗಿನ ಮದರ್‌ಬೋರ್ಡು.

"ಇದು ತೆಗೊಳ್ಳಿ ಸಾರ್, ಒಂದೇ ಕೈಯಲ್ಲಿ ಓಡಿದ್ದು," ಅಂದ.

ನಾನು ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಬೇಸತ್ತವನು. "ಸೈಬರ್ ಅಂಗಡಿಯಲ್ಲಿ ಇದ್ದದ್ದು ಒಂದೇ ಕೈಯಲ್ಲಿ ಓಡಿದ್ದು ಹೇಗಾಗ್ತದೆ ಮಾರಾಯ? ದಿನಕ್ಕೆ ಎಷ್ಟು ಜನ ಕೂತು ಕುಟ್ಟಿದ್ದಾರೆ ಇದರ ಮೇಲೆ?"

"ಅವರು ಬಾಡಿಗೆಯವರು ಸಾರ್. ಓನರ್ ನಾನೊಬ್ಬನೇ ಅಲ್ವಾ?"

ವಾದಕ್ಕೆ ನಿಲ್ಲದೆ ಪೆಟ್ಟಿಗೆಯ ಬದಿಯ ತಗಡು ಬಿಚ್ಚಿ ಟಾರ್ಚು ಹಾಕಿದೆ. ಒಳಗೆ ಫ್ಯಾನಿನ ಹಿಂದಿನಿಂದ ಒಂದು ಹಲ್ಲಿ ನನ್ನನ್ನೇ ನೋಡುತ್ತಿತ್ತು. ಓಡಲಿಲ್ಲ, ಬೆದರಲಿಲ್ಲ. ಬಹಳ ಕಾಲದಿಂದ ಅಲ್ಲೇ ಸಂಸಾರ ಹೂಡಿದ ಲಕ್ಷಣವಿತ್ತು. ಮೂಲೆಯಲ್ಲಿ ಮೊಟ್ಟೆಯ ಸಿಪ್ಪೆಯೂ ಬಿದ್ದಿತ್ತು.

"ಇದೆಂತದು?" ಅಂತ ಗದರಿದೆ.

ಅವನು ಬಗ್ಗಿ ನೋಡಿದ. ನಾಚಿಕೆಯ ಸುಳಿವೂ ಇಲ್ಲ. "ಅದು ಇದ್ದದ್ದಕ್ಕೇ ಸಾರ್ ಒಳಗೆ ಒಂದು ಜಿರಳೆ ಇಲ್ಲ. ಬೇಕಾದ್ರೆ ಹುಡುಕಿ ನೋಡಿ."

ಹುಡುಕಿದೆ. ನಿಜಕ್ಕೂ ಒಂದೂ ಇರಲಿಲ್ಲ. ಪೆಟ್ಟಿಗೆ ಕಟ್ಟಿಸಿಕೊಂಡು ಹೊರಟಾಗ ಹಿಂದಿನಿಂದ ಕೂಗಿದ: "ಹಲ್ಲಿ ಬೇಡ್ವಾ ಸಾರ್? ಅದಕ್ಕೆ ಬೇರೆ ಚಾರ್ಜ್ ಇಲ್ಲ!"

ಕಾರ್ಡಿನ ಯೋಗ್ಯತಾಪತ್ರ

ಆಟದ ಚಿತ್ರಗಳು ತಡೆಯದೆ ಓಡಬೇಕಾದರೆ ಗ್ರಾಫಿಕ್ಸ್ ಕಾರ್ಡು ಎಂಬ ಒಂದು ಭಾಗ ಬೇಕು. ಹೊಸತಕ್ಕೆ ಹೇಳುವ ಬೆಲೆಯಲ್ಲಿ ಒಳ್ಳೆಯ ಹಸು ಬರುತ್ತದೆ. ಉಜಿರೆಯಲ್ಲಿ ರೂಮು ಮಾಡಿಕೊಂಡಿರುವ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಹಳೆಯದನ್ನು ಮಾರುತ್ತಾನೆಂದು ತಿಳಿದು ಬೆಳ್ತಂಗಡಿಯ ಒಂದು ಕೆಲಸ ಮುಗಿಸಿ ಅತ್ತ ಹೋದೆ.

ನನ್ನ ವೃತ್ತಿಯಲ್ಲಿ ಮೊದಲ ಪ್ರಶ್ನೆ ವಸ್ತುವಿನದ್ದಲ್ಲ, ಮನುಷ್ಯನದ್ದು. ಚೆನ್ನಾಗಿರುವುದನ್ನು ಯಾರೂ ಸುಮ್ಮನೆ ಮಾರುವುದಿಲ್ಲ.

"ಯಾಕೆ ಮಾರ್ತಿದ್ದೀ?" ಎಂದು ಕೇಳಿದೆ.

ಹುಡುಗ ಮಂಚದ ಮೇಲಿನ ಬಟ್ಟೆಯ ರಾಶಿ ಪಕ್ಕಕ್ಕೆ ತಳ್ಳಿ ನನಗೆ ಜಾಗ ಮಾಡಿದ. "ಮನೆಯಲ್ಲಿ ಹೇಳಿದ್ದಾರೆ ಅಂಕಲ್."

"ಮನೆಯವರು ಯಾಕೆ ಹೇಳಿದ್ರು? ಸುಟ್ಟಿದೆಯಾ? ನಡುವಲ್ಲಿ ನಿಂತುಹೋಗ್ತದಾ? ನಿಜ ಹೇಳು, ನನಗೆ ಹೇಗಾದರೂ ಗೊತ್ತಾಗ್ತದೆ."

"ಅಯ್ಯೋ, ಇಲ್ಲ ಅಂಕಲ್."

"ಸರಿಯಾಗಿ ಕೆಲಸ ಮಾಡ್ತದೆ ಅನ್ನುವುದಕ್ಕೆ ಆಧಾರ ಎಂತ ಉಂಟು ನಿನ್ನ ಹತ್ರ?"

ಅವನು ನಿಟ್ಟುಸಿರು ಬಿಟ್ಟು ಹೇಳಿದ: "ಅಂಕಲ್, ಇದು ಸರಿಯಾಗಿ ಕೆಲಸ ಮಾಡದೆ ಇದ್ದಿದ್ರೆ ನಾನು ಪಾಸಾಗ್ತಿದ್ದೆ."

ಇಷ್ಟು ವರ್ಷದ ವೃತ್ತಿಯಲ್ಲಿ ಮರುಪ್ರಶ್ನೆಯಿಲ್ಲದೆ ನಾನು ಒಪ್ಪಿಕೊಂಡ ಸಾಕ್ಷ್ಯ ಇದೊಂದೇ.

ಡಬ್ಬದ ಮೇಲಿನ ಅಜ್ಜಿ

ಮುಂದಿನದು ಪವರ್ ಸಪ್ಲೈ, ಎಲ್ಲ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ. ವಾಮದಪದವಿನಲ್ಲಿರುವ ನನ್ನ ಹೆಂಡತಿಯ ಅಣ್ಣ ಮದುವೆಯ ವೀಡಿಯೋ ಮಾಡುವವರು. ಅವರ ಹಳೆ ಕಂಪ್ಯೂಟರಿನದ್ದು ಬಿದ್ದುಕೊಂಡಿತ್ತು. "ನೀವು ಬರುದು ಬೇಡ ಭಾವ, ಬಸ್ಸಿಗೆ ಹಾಕ್ತೇನೆ," ಅಂದರು.

ನಮ್ಮ ಕಡೆ ಬಸ್ಸಿಗೆ ಹಾಕುವುದೆಂದರೆ ಅಂಚೆಗೆ ಹಾಕುವುದಕ್ಕಿಂತ ದೊಡ್ಡ ಭರವಸೆ. ಸಾಮಾನು ಕಂಡಕ್ಟರನ ಕೈಗೆ ಕೊಟ್ಟು ಬಸ್ಸಿನ ಹೆಸರು ಫೋನಿನಲ್ಲಿ ಹೇಳಿದರೆ ಮುಗಿಯಿತು. ಭಾವ ಅದನ್ನು ಚೌಕದ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಅಲುಗದಂತೆ ಹಳೆ ಬಟ್ಟೆ ತುರುಕಿ ಕಳಿಸಿದರು. ನಾನು ಬಿ.ಸಿ. ರೋಡಿನಲ್ಲಿ ಬಸ್ಸು ಬರುವ ಬಹಳ ಮೊದಲೇ ನಿಂತು ಆಚೆಯಿಂದೀಚೆ ತಿರುಗುತ್ತಿದ್ದೆ.

ಬಸ್ಸು ಬಂತು. ಒಳಗೆ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಬೆರಳು ತೋರಿಸಿದ: "ಅಗೋ, ನಿಮ್ಮ ಡಬ್ಬ." ಡಬ್ಬದ ಮೇಲೆ, ಸೆರಗು ಹೊದ್ದು, ವೀಳ್ಯ ಜಗಿಯುತ್ತ ಒಬ್ಬ ಅಜ್ಜಿ ಕೂತಿದ್ದರು.

"ಅಮ್ಮ, ಸ್ವಲ್ಪ ಏಳಿ. ಅದು ನಂದು," ಅಂದೆ.

"ನಾನು ಟಿಕೇಟು ತೆಗೊಂಡಿದ್ದೇನೆ."

"ಟಿಕೇಟು ಬಸ್ಸಿಗೆ ಅಮ್ಮ, ಡಬ್ಬಕ್ಕಲ್ಲ."

"ಹಾಗಾದ್ರೆ ಬಸ್ಸಿನಲ್ಲಿ ಸೀಟು ಕೊಡಿಸಿ, ಏಳ್ತೇನೆ."

ನ್ಯಾಯವಾದ ಮಾತು. ಸುತ್ತ ನೋಡಿದೆ. ಸೀಟಿನಲ್ಲಿದ್ದವರೆಲ್ಲ ಒಟ್ಟಿಗೆ ಕಿಟಕಿಯ ಹೊರಗೆ ನೋಡತೊಡಗಿದರು. ಡ್ರೈವರ್ ಹಾರ್ನು ಒತ್ತಿದ. "ಇಳಿಯುದಾದ್ರೆ ಬೇಗ ಇಳೀರಿ ಮಾರಾಯ್ರೆ, ಟೈಮಾಯ್ತು," ಎಂದು ಕಂಡಕ್ಟರ್ ಅವಸರ ಮಾಡಿದ.

ವೃದ್ಧರನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ನಿಯಮಕ್ಕೆ ವಿರೋಧ. ಡಬ್ಬ ಬಿಟ್ಟು ಹೋಗುವುದು ಮಗಳಿಗೆ ಕೊಟ್ಟ ಮಾತಿಗೆ ವಿರೋಧ. ಅಜ್ಜಿ ಇಳಿಯುವ ಫರಂಗಿಪೇಟೆಗೇ ಟಿಕೇಟು ತೆಗೆದು, ಅಲ್ಲಿಯವರೆಗೂ ಕಂಬಿ ಹಿಡಿದು ಪಕ್ಕದಲ್ಲೇ ನಿಂತು ಹೋದೆ. ಇಳಿಯುವಾಗ ಅಜ್ಜಿ ಡಬ್ಬವನ್ನು ಎರಡು ಸಲ ತಟ್ಟಿ ಉಪದೇಶ ಮಾಡಿದರು: "ಮುಂದಿನ ಸಲ ಒಂದು ದಿಂಬು ಇಟ್ಟು ಕಳಿಸ್ಲಿಕ್ಕೆ ಹೇಳಿ."

ಧಾರಾವಾಹಿಯ ವರದಿ

ಬುಧವಾರ ಎಲ್ಲ ಭಾಗಗಳೂ ಒಂದಾದವು. ಸ್ಕ್ರೂ ತಿರುಗಿಸಿದವಳು ಮಗಳು. "ನೆಟ್ಟಗೆ, ನೆಟ್ಟಗೆ" ಎಂದು ಹೇಳುತ್ತಿದ್ದವನು ನಾನು. ನನ್ನ ಆಫೀಸಿನ ಹಳೆ ಮಾನಿಟರು ಎದುರಿಟ್ಟು ಇನ್ನೇನು ಬಟನ್ ಒತ್ತಬೇಕು, ಕರೆಂಟು ಹೋಯಿತು. ಫೋನು ಮಾಡಿದರೆ ಲೈನಿನ ಕೆಲಸ, ಸಂಜೆಯವರೆಗೆ ಇಲ್ಲ ಎಂಬ ಉತ್ತರ.

ಸಂಜೆಯವರೆಗೆ ಕಾಯುವುದು ಸಾಧ್ಯವೇ? ಒಂದು ವೇಳೆ ಓಡದಿದ್ದರೆ? ಮರುದಿನ ಬಿಟ್ಟರೆ ಶುಕ್ರವಾರ. ಜಗಲಿಯಲ್ಲಿ ನನ್ನ ತಿರುಗಾಟ ನೋಡಿ ಹೆಂಡತಿ ಅಂದಳು, "ಹೀಗೆ ತಿರುಗಿದ್ರಲ್ಲೇ ಕರೆಂಟು ಉತ್ಪಾದನೆ ಆಗ್ಬೇಕಿತ್ತು ಇಷ್ಟೊತ್ತಿಗೆ. ಪಕ್ಕದ ಮನೆಯಲ್ಲಿ ಇನ್ವರ್ಟರ್ ಉಂಟಲ್ವಾ?"

ಪಕ್ಕದ ಮನೆಯಾಕೆ ದೊಡ್ಡ ಮನಸ್ಸಿನವರು. "ತನ್ನಿ ತನ್ನಿ, ಮಗುವಿನ ಆಸೆ," ಎಂದು ಟಿ.ವಿ.ಯ ಪಕ್ಕದ ಪ್ಲಗ್ಗು ಬಿಟ್ಟುಕೊಟ್ಟರು. ಟಿ.ವಿ.ಯಲ್ಲಿ ಧಾರಾವಾಹಿ ನಡೆಯುತ್ತಿತ್ತು. ಮಗಳು ಬಟನ್ ಒತ್ತಿದಳು. ಫ್ಯಾನುಗಳು ಗುಂಯ್ ಎಂದವು, ಪರದೆಯ ಮೇಲೆ ಅಕ್ಷರ ಮೂಡಿತು. "ಬಂತು ಅಪ್ಪ!" ಎಂದು ಅವಳು ಹಾರಿದಳು. ಇನ್ವರ್ಟರ್ ಒಮ್ಮೆ ಕಿರುಚಿ ಸುಮ್ಮನಾಯಿತು. ಕಂಪ್ಯೂಟರು, ಫ್ಯಾನು, ಟಿ.ವಿ. ಎಲ್ಲ ಒಟ್ಟಿಗೆ ಆರಿದವು.

ಪಕ್ಕದ ಮನೆಯಾಕೆ ಎದ್ದು ನಿಂತರು. ಅಂಥ ಮುಖವನ್ನು ನಾನು ಲಾರಿ ಪಲ್ಟಿಯಾದವರಲ್ಲೂ ನೋಡಿದ್ದಿಲ್ಲ. "ಆ ಹೆಂಗಸು ಅತ್ತೆಗೆ ನಿಜ ಹೇಳುವ ಹೊತ್ತು. ಇಷ್ಟು ತಿಂಗಳಿಂದ ಕಾದದ್ದು ನಾನು!"

"ನಷ್ಟ ಆದದ್ದು ನಮ್ಮಿಂದ," ಅಂದೆ. "ಪರಿಹಾರ ನಾನೇ ಕೊಡ್ತೇನೆ."

ಧಾರಾವಾಹಿ ಎಂದರೆ ಎದ್ದು ಹೋಗುವವನು ನಾನು. ಅಂದು ಆ ಕಂತನ್ನು ಮೊಬೈಲಿನಲ್ಲಿ ಹುಡುಕಿ, ಪೂರ್ತಿ ನೋಡಿ, ಪಕ್ಕದ ಮನೆಯ ಜಗಲಿಯಲ್ಲಿ ನಿಂತು ಒಪ್ಪಿಸಿದೆ. ಆಕೆ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಕೊನೆಗೆ ಹೆಂಡತಿಯನ್ನು ಕರೆದು ದೂರು ಕೊಟ್ಟರು: "ನಿಮ್ಮವರು ಎಲ್ಲ ಹೇಳಿದ್ರು, ಆದ್ರೆ ಆ ಅತ್ತೆ ಯಾವ ಸೀರೆ ಉಟ್ಟಿದ್ಲು ಅಂತ ಕೇಳಿದ್ರೆ ಗೊತ್ತಿಲ್ಲಂತೆ. ಇವರೆಂತ ಸರ್ವೆ ಮಾಡುದು?"

ಪೂಜೆಗಿಟ್ಟದ್ದು

ಶುಕ್ರವಾರ ಬೆಳಿಗ್ಗೆ ಗ್ಯಾರೇಜುಗಳ ಆಯುಧ ಪೂಜೆಗೆ ಹೋದೆ. ಪ್ರಸಾದದ ಅವಲಕ್ಕಿ ಮಾತ್ರ ತೆಗೆದುಕೊಳ್ಳುತ್ತೇನೆ. ಸ್ವೀಟಿನ ಡಬ್ಬ ನನ್ನ ಲೆಕ್ಕದಲ್ಲಿ ಲಂಚ, ಮುಟ್ಟುವುದಿಲ್ಲ. ಮೂರು ಗಂಟೆ ದಾಟಿದಾಗ ಮನೆಗೆ ಬಂದರೆ ಮಗಳು ಮೆಟ್ಟಿಲಲ್ಲಿ ಕೂತು ಅಳುತ್ತಿದ್ದಳು.

ಒಳಗೆ ಹೋಗಿ ನೋಡಿದೆ. ದೇವರ ಎದುರು ಮಣೆಯ ಮೇಲೆ ಅವಳ ಪಾಠದ ಪುಸ್ತಕಗಳ ಅಟ್ಟಿ. ಅದರ ಪಕ್ಕದಲ್ಲಿ ಕಂಪ್ಯೂಟರು. ಪೆಟ್ಟಿಗೆಗೆ ಗಂಧ, ಮಾನಿಟರಿಗೆ ಚೆಂಡು ಹೂವಿನ ಮಾಲೆ, ಕೀಬೋರ್ಡಿನ ಮೇಲೆ ರೇಷ್ಮೆಯ ಶಾಲು.

"ಅಮ್ಮ, ಇದನ್ನು ಯಾಕೆ ಇಟ್ಟದ್ದು?"

ನನ್ನ ಅಮ್ಮ ದೀಪದ ಬತ್ತಿ ಸರಿಮಾಡುತ್ತ ತಿರುಗಿಯೂ ನೋಡದೆ ಅಂದರು: "ಪುಸ್ತಕ ಪೂಜೆಗೆ ಇಟ್ಟೆ. ಇದನ್ನೂ ಇಟ್ಟೆ. ನಾಳೆ ವಿಜಯದಶಮಿ ಪೂಜೆ ಆದ ಮೇಲೆ ತೆಗೆಯುದು. ಅಷ್ಟರವರೆಗೆ ಮುಟ್ಟುವ ಹಾಗಿಲ್ಲ."

"ಇದು ಪುಸ್ತಕ ಅಲ್ಲ ಅಮ್ಮ."

"ಮೊನ್ನೆ ನಾನು ಕೇಳಿದ್ದಕ್ಕೆ ನೀನೇ ಹೇಳಿದ್ದಲ್ವಾ, ಇದು ಆಟದ ಸಾಮಾನಲ್ಲ, ಮಗು ಇದರಲ್ಲಿ ವಿದ್ಯೆ ಕಲಿಯುದು ಅಂತ? ಕಲಿಯುದಾದ್ರೆ ಪುಸ್ತಕವೇ."

ಹೇಳಿದ್ದು ಹೌದು. ಮಗಳು ಓಡಿಬಂದಳು. "ಅಜ್ಜಿ, ಸತ್ಯವಾಗಿ ಇದರಲ್ಲಿ ಓದ್ಲಿಕ್ಕೆ ಎಂತದೂ ಇಲ್ಲ!"

"ನೀನು ಹೇಳಿದ್ರೆ ಆಗುದಿಲ್ಲ. ನಿನ್ನ ಅಪ್ಪ ಹೇಳ್ಲಿ, ದೇವರ ದೀಪದ ಎದುರು. ಅವನು ಸುಳ್ಳು ಹೇಳುವವನಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿಯೂ ಬಂದು ನಿಂತಳು. ಗಡಿಯಾರದ ಮುಳ್ಳು ನಾಲ್ಕರ ಹತ್ತಿರ ಓಡುತ್ತಿತ್ತು. ನನಗಿದ್ದದ್ದು ಒಂದೇ ದಾರಿ, ಅಭಿಪ್ರಾಯ ಬಿಟ್ಟು ವಸ್ತುಸ್ಥಿತಿ ಹೇಳುವುದು. ಕಲಿಕೆಯ ಸಾಫ್ಟ್‌ವೇರ್ ಯಾವುದನ್ನೂ ನಾವು ಇನ್ನೂ ಹಾಕಿರಲಿಲ್ಲ. ಇದ್ದದ್ದು ಆಟ ಮಾತ್ರ. ಚಪ್ಪಲಿ ಬಿಟ್ಟ ಕಾಲಲ್ಲಿ ನೆಟ್ಟಗೆ ನಿಂತು ಹೇಳಿದೆ:

"ನಾನು ಈ ಯಂತ್ರವನ್ನು ಖುದ್ದಾಗಿ ಪರಿಶೀಲಿಸಿದ್ದೇನೆ. ಈ ದಿನದವರೆಗೆ ಇದರಲ್ಲಿ ವಿದ್ಯೆ ಎಂಬುದು ಯಾವ ರೂಪದಲ್ಲೂ ಕಂಡುಬಂದಿಲ್ಲ."

ಅಮ್ಮ ಕೈಮುಗಿದು ಹೂಮಾಲೆ ತೆಗೆದರು. ನಾನೂ ಮಗಳೂ ಕಂಪ್ಯೂಟರನ್ನು ಮೇಜಿಗೆ ಸಾಗಿಸಿ, ವಯರು ಚುಚ್ಚಿ, ಬಟನ್ ಒತ್ತಿದೆವು. ಸರಿಯಾಗಿ ನಾಲ್ಕಕ್ಕೆ ಆಟದ ಬಾಗಿಲು ತೆರೆಯಿತು. ಖಾಲಿ ಬಯಲು. ಗೆಳತಿ ಇಲ್ಲ. ಮಗಳು ಕಾದಳು, ನಾನು ಅವಳ ಬೆನ್ನ ಹಿಂದೆ ತಿರುಗಿದೆ. ಕೊನೆಗೆ ಅವಳೇ ಮಸ್ಕತ್ತಿಗೆ ವೀಡಿಯೋ ಕಾಲ್ ಮಾಡಿದಳು.

ಆ ಕಡೆ ಗೆಳತಿಯೂ ಅಳುತ್ತಿದ್ದಳು. "ಊರಿಂದ ಅಜ್ಜಿ ಫೋನು ಮಾಡಿ ಹೇಳಿದ್ರು. ಅಪ್ಪ ನನ್ನ ಕಂಪ್ಯೂಟರನ್ನು ಪುಸ್ತಕದೊಟ್ಟಿಗೆ ಪೂಜೆಗೆ ಇಟ್ಟಿದ್ದಾರೆ!"

ಮಗಳು ಫೋನನ್ನು ನನ್ನ ಕೈಗೆ ಕೊಟ್ಟಳು.

ಗೆಳತಿಯ ಅಪ್ಪ ತೆರೆಗೆ ಬಂದರು. ನಮಸ್ಕಾರ ಆಯಿತು. ಕೇಳಿದೆ: "ನಿಮ್ಮ ಕಂಪ್ಯೂಟರು ಪೂಜೆಗೆ ಯೋಗ್ಯವೋ ಅಲ್ಲವೋ ಎಂದು ಒಮ್ಮೆ ನೋಡಬಹುದಾ?" ಅವರು ಗೊಂದಲದಲ್ಲೇ ಫೋನು ತಿರುಗಿಸಿದರು. ಅಲ್ಲಿಯೂ ಗಂಧ, ಅಲ್ಲಿಯೂ ಹೂವು.

"ಇದನ್ನು ಓದ್ಲಿಕ್ಕೆ ಅಂತಲೇ ತೆಗೊಂಡದ್ದು ಸಾರ್, ಆಟಕ್ಕಲ್ಲ," ಎಂದು ಗಟ್ಟಿಸ್ವರದಲ್ಲಿ ಹೇಳಿದರು.

"ಸರಿ. ಮಗು ಇದರಲ್ಲಿ ಓದಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ?"

ಅವರು ಮಗಳ ಕಡೆ ತಿರುಗಿ ನೋಡಿದರು. ಮತ್ತೆ ಹಿಂದಿನಿಂದ, ತೆರೆಯಲ್ಲಿ ಕಾಣದ ಒಂದು ಹೆಂಗಸಿನ ಸ್ವರ ಬಂತು:

"ಹೂ ತೆಗೀರಿ ಅತ್ಲಾಗೆ."