ಗೈಡನ ಮನೆಗೊಂದು ಇತಿಹಾಸ

ಹಳೇಪೇಟೆಯ ಗೈಡು ಆ ಬೆಳಗ್ಗೆ ಕ್ಷೌರಕ್ಕೆ ಕೂತದ್ದೇ ತಪ್ಪಾಯಿತು. ಅರ್ಧ ಗಡ್ಡ ಹೋಗಿತ್ತು, ಅರ್ಧ ನೊರೆಯಲ್ಲಿತ್ತು. ಆಗ ಕ್ಷೌರದವನು ಕತ್ತಿ ತಡೆದು, "ಇವತ್ತು ಪುರಾತನ ಕಟ್ಟಡಗಳ ಇಲಾಖೆ ಮೇಡಂ ಬರ್ತಾರಂತಲ್ಲ? ಇತಿಹಾಸ ಇರೋ ಮನೆ ಉಳಿಸಿ, ಮಿಕ್ಕಿದ್ದೆಲ್ಲ ಕೆಡವ್ತಾರಂತೆ. ನಿಮ್ಮನೆಗೆ ಏನಿದೆ ಇತಿಹಾಸ?" ಎಂದ.

ಗೈಡು ಬೆಚ್ಚಿದ. ಕೆನ್ನೆ ಕುಯ್ದುಕೊಂಡಿತು.

ಆ ಮೇಡಂಗೆ ಪೇಟೆ ತೋರಿಸುವ ಕೆಲಸ ಅವನದೇ. ಅವನು ಕತೆ ಕಟ್ಟದ ಗೋಡೆ ಅಲ್ಲಿರಲಿಲ್ಲ. ಬಿರುಕು ಬಿಟ್ಟ ಕಡೆಯೆಲ್ಲ ಫಿರಂಗಿ ಗುಂಡು ಬಿದ್ದಿತ್ತು. ಪಾಳುಬಾವಿಗೊಬ್ಬಳಂತೆ ರಾಜಕುಮಾರಿಯರು ಹಾರಿದ್ದರು. ತನ್ನ ಬಾಡಿಗೆ ಮನೆಯ ಮುಂದೆ ಮಾತ್ರ ತುಟಿಪಿಟಕ್ಕೆನ್ನದೆ ಪ್ರವಾಸಿಗರನ್ನು ದಾಟಿಸುತ್ತಿದ್ದ. ಅಲ್ಲಿ ಅವನ ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಹಡಿಯ ಕಿಟಕಿ ಪಕ್ಕ ಅವಳ ಬೆತ್ತದ ಕುರ್ಚಿಯಿತ್ತು. ಸಂಜೆ ಬಂದು ಅದರಲ್ಲಿ ಕೂತರೇನೇ ಅವನಿಗೆ ಉಸಿರು ಸರಾಗವಾಗುತ್ತಿದ್ದುದು. ಆ ಮನೆ ಹೋದರೆ ಅವಳು ಇನ್ನೊಮ್ಮೆ ಸತ್ತಂತೆ.

"ಇತಿಹಾಸ ಇಲ್ದಿದ್ರೆ ಮಾಡ್ಕೊಂಡ್ರಾಯ್ತು," ಎಂದಳು ಎದುರುಮನೆಯಕ್ಕ, ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು. ಅವಳ ಕಿವಿಗೆ ಬೀಳದ ಮಾತು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. "ಊರಿಗೆಲ್ಲ ಬುರುಡೆ ಬಿಡ್ತೀಯ, ನೀನಿರೋ ಮನೆಗೆ ಒಂದು ಬಿಡೋಕಾಗಲ್ವೇನೋ?"

"ಬಾಯಿ ಬರಲ್ಲ ಅಕ್ಕ."

"ನಾವಿದ್ದೀವಿ, ನೀನು ಶುರು ಮಾಡು ಸಾಕು."

ಮಧ್ಯಾಹ್ನ ಮೇಡಂ ಬಂದರು. ಫಿರಂಗಿ ಗುಂಡಿಗೂ ರಾಜಕುಮಾರಿಯರಿಗೂ ಮುಗುಳ್ನಕ್ಕು ಮುಂದೆ ನಡೆದರು. ಕೊನೆಗೆ ಗೈಡು ಅವರನ್ನು ತನ್ನ ಮನೆಯ ಮಹಡಿ ಹತ್ತಿಸಿ, ಇದು ತನ್ನದೆಂದು ಹೇಳದೆ, ಕುರ್ಚಿಯ ಮುಂದೆ ನಿಂತ. ಕ್ಷೌರದವನೂ ಅಕ್ಕನೂ ಹಿಂದೆಯೇ ಹತ್ತಿ ಬಂದಿದ್ದರು. ಬಾಯಿಂದ ಬಂದದ್ದು ಅವನ ಎಂದಿನ ದನಿಯಲ್ಲ.

"ಇಲ್ಲಿ ಹಿಂದೆ ಒಬ್ಬ ಮಹಾಗಾಯಕಿ ಇದ್ರು ಮೇಡಂ. ಸಂಜೆಯಾದ್ರೆ ಈ ಕುರ್ಚೀಲಿ ಕೂತು ಹಾಡ್ತಿದ್ರು. ಗಂಡ ಬೀದಿ ತಿರುವಲ್ಲಿ ಕಂಡ್ರೆ ನಾಚಿ ನಿಲ್ಲಿಸಿಬಿಡೋರು. ಅದಕ್ಕೆ ಅವನು ತಿರುವಲ್ಲೇ ಮರೆಯಾಗಿ ನಿಂತು ಕೇಳ್ತಿದ್ದ. ಕೊನೆಕೊನೆಗೆ ಕೆಮ್ಮು. ಒಂದು ಸಾಲು ಹಾಡೋದಕ್ಕೂ ಉಸಿರು ಸಾಲ್ತಿರಲಿಲ್ಲ. ಹಾಡು ಪೂರ್ತಿ ನಿಂತ ಮೇಲೂ ಅವನು ಅಲ್ಲಿ ನಿಲ್ಲೋದು ಬಿಡ್ಲಿಲ್ಲ..."

ಕಣ್ಣೀರು ದಳದಳ ಸುರಿಯಿತು. ಮೇಡಂ ಕರವಸ್ತ್ರ ತೆಗೆದರು.

ಇದು ನಟನೆಯೆಂದೇ ತಿಳಿದ ಕ್ಷೌರದವನು ತಾನೇನು ಕಡಿಮೆ ಎಂದು ಮುಂದೆ ನುಗ್ಗಿದ. "ಆ ಹಾಡು ಕೇಳ್ತಾ ನಮ್ಮಜ್ಜ ಒಬ್ಬ ಗಿರಾಕಿ ಮೀಸೇನ ಪೂರ್ತಿ ಬೋಳಿಸಿಬಿಟ್ಟಿದ್ರು ಮೇಡಂ! ಗಿರಾಕಿನೂ ಬೈಲಿಲ್ಲ, ಅವನಿಗೂ ಮೈಮರೆತು ಹೋಗಿತ್ತು."

"ಅವರು ನೀರು ಕುಡೀತಿದ್ದ ಲೋಟ ಇದೇನೇ," ಎಂದು ಅಕ್ಕ ಹೊಳೆಯುವ ಸ್ಟೀಲ್ ಲೋಟ ಚಾಚಿದಳು. ಅಂಗಡಿಯ ಬೆಲೆಚೀಟಿ ಅಂಟಿದ್ದ ಕಡೆ ಹೆಬ್ಬೆರಳು ಒತ್ತಿಟ್ಟುಕೊಂಡಿದ್ದಳು.

ಮೇಡಂ ಕಣ್ಣೊರೆಸಿಕೊಂಡರು. "ನಿಜ ಹೇಳ್ಬೇಕಂದ್ರೆ, ಜನ ವಾಸ ಇರೋ ಮನೆ ಯಾವುದನ್ನೂ ಮುಟ್ಟಬಾರದು ಅಂತ ನಿನ್ನೇನೇ ತೀರ್ಮಾನ ಆಗಿತ್ತು. ಖಾಲಿ ಬಿದ್ದಿರೋವನ್ನಷ್ಟೇ ಕೆಡವೋದು."

ಗೈಡನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಇಂಥ ಮನೇಲಿ ಯಾರೋ ಸ್ಟವ್ ಹಚ್ಕೊಂಡು, ಬಟ್ಟೆ ಒಣಗಿಸ್ಕೊಂಡು ಇರೋದಾ? ಇದು ಮ್ಯೂಸಿಯಂ ಆಗ್ಬೇಕು. ಇಲ್ಲಿರೋರನ್ನ ನಾಳೇನೇ ಬೇರೆ ಕಡೆ ಕಳಿಸ್ತೀವಿ."

"ಇಲ್ಲಿರೋನು ನಾನೇ ಮೇಡಂ!" ಗೈಡು ಕೈಮುಗಿದ. "ಗಾಯಕಿನೂ ಇಲ್ಲ, ಎಂಥದೂ ಇಲ್ಲ. ಹಾಡ್ತಿದ್ದೋಳು ನನ್ನ ಹೆಂಡ್ತಿ. ತಿರುವಲ್ಲಿ ನಿಲ್ತಿದ್ದೋನು ನಾನು."

ಕ್ಷೌರದವನೂ ಅಕ್ಕನೂ ಮುಖ ಮುಖ ನೋಡಿಕೊಂಡರು. ಸರ್ಕಾರಿ ಅಧಿಕಾರಿಯ ಮುಂದೆ ಸುಳ್ಳು ಹೇಳಿ ಸಿಕ್ಕಿಬೀಳುವುದೆಂದರೇನು ಹುಡುಗಾಟವೇ? ಅಕ್ಕ ಮೇಡಂ ಕಿವಿಯ ಬಳಿ ಬಾಗಿದಳು. "ಪಾಪ, ಹೆಂಡ್ತಿ ಹೋದ್ಮೇಲೆ ಹೀಗೇ ಆಗಿಬಿಟ್ಟಿದ್ದಾನೆ. ಆ ಗಾಯಕೀನೇ ತನ್ನ ಹೆಂಡ್ತಿ ಅಂತಾನೆ."

ಗೈಡು ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟ.

ಮೇಡಂಗೆ ಕರುಳು ಚುರ್ರೆಂದಿತು. ಹತ್ತಿರ ಬಂದು, ಅವನ ಕೈ ಹಿಡಿದು, ಮೆಲ್ಲಗೆ ಎಬ್ಬಿಸುತ್ತ ಹೇಳಿದರು: "ಏಳಿ, ಇದ್ರಲ್ಲಿ ಕೂರಬಾರದು. ಎಂಥವರು ಕೂತ ಕುರ್ಚಿ ಅಂತ ನೀವೇ ಹೇಳಿದ್ರಲ್ಲ."